ಎಲೆಯ ಮೇಲೊಂದು ಮುಚ್ಚಿದ ಡಬ್ಬ

ನಮ್ಮ ತುಳುನಾಡಿನ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಕೋಳಿ ಸಾರು, ಅಕ್ಕಿಯ ಗರಿಗರಿ ಒಣರೊಟ್ಟಿ, ದೋಸೆ, ಕಡಲೆ ಗಸಿ, ಹೀಗೆ ಮನೆಮನೆಗೆ ಒಂದಿಷ್ಟು ವ್ಯತ್ಯಾಸ. ಜೊತೆಗೆ, ಹೋದವರು ಬದುಕಿದ್ದಾಗ ಆಸೆಪಟ್ಟು ತಿನ್ನುತ್ತಿದ್ದ ಯಾವುದಾದರೊಂದು ವಸ್ತುವನ್ನೂ ಇಡುತ್ತಾರೆ. ಒಬ್ಬರಿಗೆ ಒಣಮೀನಿನ ಚಟ್ನಿ, ಒಬ್ಬರಿಗೆ ಶೇಂದಿ, ಮತ್ತೊಬ್ಬರಿಗೆ ಬೀಡಿಯ ಕಟ್ಟು. ಬಡಿಸಿ ಕೈಮುಗಿದ ಮೇಲೆ ಬಾಗಿಲೆಳೆದುಕೊಂಡು ಮನೆಯವರೆಲ್ಲ ಜಗಲಿಗೆ ಬಂದು ನಿಲ್ಲಬೇಕು. ಉಣ್ಣುವವರ ಬಾಯಿ ನೋಡುತ್ತ ನಿಲ್ಲಬಾರದು, ಅಷ್ಟೆ. ಬದುಕಿರುವವರಿಗೂ ಆ ಮರ್ಯಾದೆ ಸಲ್ಲುತ್ತದೆ. ಸ್ವಲ್ಪ ಹೊತ್ತು ಕಳೆದು ಬಾಗಿಲು ತಟ್ಟಿ ಒಳಗೆ ಹೋಗಿ, ಎಲೆಯಲ್ಲಿದ್ದುದನ್ನೇ ಮನೆಯವರು ಹಂಚಿಕೊಂಡು ಉಣ್ಣುತ್ತಾರೆ.

ವಾಮಂಜೂರಿನ ಮುದ್ದಕ್ಕನ ಮನೆಯಲ್ಲಿ ಈ ಆಟಿಯಲ್ಲಿ ಬಡಿಸುವ ದಿನ ಎದ್ದ ಪ್ರಶ್ನೆ ಮಾತ್ರ ಆ ಊರಿನಲ್ಲಿ ಹಿಂದೆಂದೂ ಎದ್ದದ್ದಲ್ಲ. ಹಿರಿಯರ ಎಲೆಯ ಮೇಲೆ ಬೇಕ್ಡ್ ಬೀನ್ಸ್ ಇಡಬಹುದೇ?

ಮುದ್ದಕ್ಕನ ಗಂಡ ಚನಿಯಣ್ಣ ತೀರಿಹೋದದ್ದು ಕಳೆದ ವರ್ಷ ನವರಾತ್ರಿ ಮುಗಿದ ವಾರ. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ನೋವಿಲ್ಲದ ಸಾವು; ದೇವರು ಕೊಟ್ಟದ್ದು. ಊರಿಗೆ ಮರಳುವ ಮೊದಲು ಇಪ್ಪತ್ತಮೂರು ವರ್ಷ ಅವರು ಬಹರೈನಿನ ಒಂದು ಕಂಪೆನಿಯಲ್ಲಿ ಲಾರಿ ಓಡಿಸಿದ್ದರು. ಅಲ್ಲಿ ಶುಕ್ರವಾರ ಬೆಳಿಗ್ಗೆ ಕ್ಯಾಂಪಿನ ಅಡುಗೆಮನೆ ಮುಚ್ಚಿರುತ್ತಿತ್ತು. ಒಬ್ಬೊಬ್ಬರೂ ಒಂದೊಂದು ಡಬ್ಬ ತೆರೆದು, ಟೊಮೆಟೊ ಸಾಸಿನಲ್ಲಿ ಬೇಯಿಸಿದ ಆ ಬಿಳಿ ಕಾಳನ್ನು ಬ್ರೆಡ್ಡಿನ ಮೇಲೆ ಸುರಿದುಕೊಂಡು ತಿನ್ನುತ್ತಿದ್ದರು. ಊರಿಗೆ ಬಂದ ಮೇಲೂ ಚನಿಯಣ್ಣನಿಗೆ ಅದರ ರುಚಿ ಬಿಡಲಿಲ್ಲ. ತಿಂಗಳಿಗೊಮ್ಮೆ ಮಂಗಳೂರಿನ ಹಂಪನಕಟ್ಟೆಗೆ ಹೋಗಿ ಗಲ್ಫ್ ಸಾಮಾನಿನ ಅಂಗಡಿಯಿಂದ ನಾಲ್ಕು ಡಬ್ಬ ತರುವುದು, ಆದಿತ್ಯವಾರ ಬೆಳಿಗ್ಗೆ ಒಂದನ್ನು ಬಿಸಿ ಮಾಡುವುದು. ಮನೆಯವರಿಗೆಲ್ಲ ಒಂದೊಂದು ಚಮಚ ಕೊಡಲು ಹೋಗುವುದು, ಎಲ್ಲರೂ ಬೇಡವೆನ್ನುವುದು, ತಾವೇ ಅಷ್ಟನ್ನೂ ತಿಂದು ಸಂತೋಷಪಡುವುದು.

ಅವರ ಇನ್ನೊಂದು ಪ್ರೀತಿ ಚಾವಡಿಯ ಮೂಲೆಯ ಕಂಪ್ಯೂಟರ್. ಅದರಲ್ಲಿ ಹಳೆಯ ಕಾಲದ ವಿಂಡೋಸ್ ಇತ್ತು. ತೆರೆದರೆ ಪರದೆಯ ತುಂಬ ಒಂದು ಹಸಿರು ದಿಬ್ಬ, ಮೇಲೆ ನೀಲಿ ಆಕಾಶ, ನಾಲ್ಕು ಬಿಳಿ ಮೋಡ. "ಇದು ನಮ್ಮ ಬೈಲು" ಎನ್ನುತ್ತಿದ್ದರು ಚನಿಯಣ್ಣ. ಅವರು ವಿಮಾನ ಹತ್ತುವಾಗ ಮನೆಯೆದುರು ಗದ್ದೆ ಇತ್ತು. ಮರಳಿ ಬಂದಾಗ ಅಲ್ಲಿ ಕಾಲೇಜಿನ ಹಾಸ್ಟೆಲ್ಲಿನ ಗೋಡೆ ಎದ್ದಿತ್ತು. ಆ ಚಿತ್ರದ ಮುಂದೆ ಕೂತು ಇಸ್ಪೀಟಿನ ಆಟ ಆಡುವುದು, ಮೊಮ್ಮಗಳ ಫೋಟೊ ನೋಡುವುದು, ಅಷ್ಟೇ ಅವರ ಕಂಪ್ಯೂಟರ್ ವಿದ್ಯೆ.

ಈ ಎರಡರ ಮೇಲೂ ಪಕ್ಕದ ಮನೆಯ ವಾಲ್ಟರ್ ಮೇಷ್ಟ್ರಿಗೆ ಬೇರೆಯೇ ಅಭಿಪ್ರಾಯ. ಮೇಷ್ಟ್ರು ನಿವೃತ್ತಿಗೆ ಮುಂಚಿನ ಹತ್ತು ವರ್ಷ ಶಾಲೆಯ ಕಂಪ್ಯೂಟರ್ ಕೋಣೆ ನೋಡಿಕೊಂಡವರು, ವಿಂಡೋಸಿನ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸಿನ ಭಕ್ತರು. ಸಂಜೆ ಐದೂವರೆಗೆ ಅವರು ಬೇಲಿ ದಾಟಿ ಬಂದು ಚನಿಯಣ್ಣನ ಜಗಲಿಯಲ್ಲಿ ಕೂತರೆ ಇಗರ್ಜಿಯ ಸಂಜೆಯ ಗಂಟೆ ಬಾರಿಸುವವರೆಗೆ ವಾದ.

"ಎಂತ ಪೊರ್ಬುಗಳೇ, ನಿಮ್ಮ ಪುಕ್ಕಟೆ ಲಿನಕ್ಸ್ ಇವತ್ತಾದ್ರೂ ಪ್ರಿಂಟರಿನೊಟ್ಟಿಗೆ ಮಾತಾಡಿತಾ?" ಎಂದು ಚನಿಯಣ್ಣ ಶುರುಮಾಡುತ್ತಿದ್ದರು. ಪೊರ್ಬುಗಳೇ ಎನ್ನುವುದು ತುಳುವರು ಕ್ರಿಸ್ತಿಯನ್ನರನ್ನು ಗೌರವದಿಂದ ಕರೆಯುವ ಹಳೆಯ ರೀತಿ. ಚನಿಯಣ್ಣನ ಬಾಯಲ್ಲಿ ಅದರಲ್ಲಿ ಅರ್ಧ ಗೌರವ, ಅರ್ಧ ಕೀಟಲೆ.

"ಮಾತಾಡ್ತದೆ, ನಿಧಾನ ಮಾತಾಡ್ತದೆ. ಪುಕ್ಕಟೆ ಅಂತ ಹೀಯಾಳಿಸ್ಬೇಡ ಮಾರಾಯ. ಗಾಳಿ ಪುಕ್ಕಟೆ, ಬಾವಿಯ ನೀರು ಪುಕ್ಕಟೆ. ಒಳ್ಳೇದನ್ನೆಲ್ಲ ದೇವರು ಪುಕ್ಕಟೆಯೇ ಕೊಟ್ಟದ್ದು."

"ಹಾಗಾದ್ರೆ ಬೀನ್ಸಿಗೆ ನಾನು ದುಡ್ಡು ಕೊಡ್ತೇನಲ್ಲ, ಅದಕ್ಕೇ ನಿಮಗೆ ಆಗುವುದಿಲ್ವಾ?"

"ಅದು ಬೇರೆ ವಿಷಯ. ಅದು ಊಟವೇ ಅಲ್ಲ, ಜ್ವರದವರ ಪಥ್ಯ. ಕಾಳು ಬೇಯಿಸಿ ಸಕ್ಕರೆ ಹಾಕಿ ಡಬ್ಬದಲ್ಲಿ ಮುಳುಗಿಸಿದ್ದಾರೆ. ಪಾಪ ಕಾಳು!"

"ತಿನ್ನದೆ ಹೇಳ್ಬೇಡಿ ಪೊರ್ಬುಗಳೇ."

"ತಿನ್ನುವುದೆಂತಕ್ಕೆ? ವಾಸನೆಯಲ್ಲೇ ಗೊತ್ತಾಗ್ತದೆ."

ಹನ್ನೆರಡು ವರ್ಷ ಈ ವಾದ ನಡೆಯಿತು. ಒಬ್ಬರೂ ಒಂದಂಗುಲ ಹಿಂದೆ ಸರಿಯಲಿಲ್ಲ. ಮುದ್ದಕ್ಕ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ಅಷ್ಟನ್ನೂ ಕೇಳಿಸಿಕೊಂಡಿದ್ದರು, ಸಂಜೆಯ ಭಜನೆ ಕೇಳಿಸಿಕೊಂಡ ಹಾಗೆ.

ಬಡಿಸುವ ದಿನ ಚನಿಯಣ್ಣನ ಅಕ್ಕ ಸೇಸಕ್ಕ ಉಳ್ಳಾಲದಿಂದ ಎರಡು ಬಸ್ಸು ಬದಲಿಸಿ ಹತ್ತು ಗಂಟೆಗೇ ಬಂದಿಳಿದರು. ಕ್ರಮ ತಿಳಿದವರೆಂದರೆ ಆ ಕುಟುಂಬದಲ್ಲಿ ಈಗ ಅವರೊಬ್ಬರೇ. ಬಂದವರೇ ಕೈಚೀಲದಿಂದ ರೊಟ್ಟಿಯ ಪ್ಯಾಕೆಟ್ಟುಗಳನ್ನು ತೆಗೆದು ಕೊಟ್ಟು, ಕೋಳಿ ಊರಿನದ್ದೋ ಅಂಗಡಿಯದ್ದೋ ಎಂದು ವಿಚಾರಿಸಿ, ಮಣೆಯ ಮೇಲೆ ಕೂತರು. ಆಗ ಮುದ್ದಕ್ಕ ಕಪಾಟಿನಿಂದ ಡಬ್ಬವನ್ನು ತಂದು ಅವರೆದುರು ಇಟ್ಟರು.

"ಇದೆಂತ ಮುದ್ದು?"

"ಬೀನ್ಸ್ ಅಕ್ಕ. ಅವರಿಗೆ. ಮುಖೇಶ ನಿನ್ನೆ ತಂದದ್ದು."

ಸೇಸಕ್ಕ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಯಾವ ದೇಶದಲ್ಲಿ, ಯಾರ ಒಲೆಯಲ್ಲಿ ಬೇಯಿಸಿದ್ದೋ ಏನೋ. ಹಿರಿಯರ ಎಲೆಗೆ ಗುರ್ತ ಇಲ್ಲದವರ ಅಡುಗೆ ಬೀಳ್ಲಿಕ್ಕಿಲ್ಲ."

ಮಗ ಮುಖೇಶನ ಹೆಂಡತಿ ಪ್ರಾಪ್ತಿ ಮಸಾಲೆ ರುಬ್ಬುತ್ತಿದ್ದಲ್ಲಿಂದಲೇ ಹೇಳಿದಳು: "ರೊಟ್ಟಿಯೂ ಪ್ಯಾಕೆಟಿನದ್ದೇ ಅಲ್ವಾ ಮಾಮಿ?"

"ಅದು ನಮ್ಮ ಕಲ್ಯಾಣಿಯ ಮನೆಯಲ್ಲಿ ಮಾಡಿದ್ದು! ಅವಳ ಒಲೆ ನಾನು ನೋಡಿದ್ದೇನೆ," ಎಂದರು ಸೇಸಕ್ಕ. ಸೊಸೆ ನಗು ತಡೆದುಕೊಂಡು ಮಿಕ್ಸಿ ತಿರುಗಿಸಿದಳು.

ಮುದ್ದಕ್ಕ ವಾದ ಮಾಡುವವರಲ್ಲ. ಆದರೆ ಅಂದು ಅಲ್ಲಿಂದ ಕದಲಲಿಲ್ಲ. "ಅಕ್ಕ, ಅವರು ಹಿರಿಯರ ಸಾಲಿಗೆ ಸೇರಿದ ಮೇಲೆ ಬರುವುದು ಇದು ಮೊದಲ ಸಲ. ಬಂದು ನೋಡುವಾಗ ಇದು ನನ್ನದೇ ಮನೆ ಅಂತ ಅವರಿಗೆ ಗೊತ್ತಾಗ್ಬೇಕು. ಇಪ್ಪತ್ತಮೂರು ವರ್ಷ ಬೇರೆಯವರ ಊರಲ್ಲಿ ಇದ್ದದ್ದೇ ಸಾಕು ಅವರಿಗೆ. ಈಗ ಮತ್ತೆ ಪರದೇಶದವರ ಹಾಗೆ ಬಾಗಿಲಲ್ಲಿ ನಿಲ್ಲುವುದು ಬೇಡ."

ಸೇಸಕ್ಕನಿಗೆ ಇಕ್ಕಟ್ಟಾಯಿತು. ತಮ್ಮನ ಮೇಲಿನ ಪ್ರೀತಿ ಒಂದು ಕಡೆ, ಕ್ರಮ ಒಂದು ಕಡೆ. ಎಲೆಯಡಿಕೆ ಜಗಿದು ಮುಗಿಯುವಷ್ಟು ಹೊತ್ತು ಯೋಚಿಸಿ ತೀರ್ಪು ಕೊಟ್ಟರು: "ಡಬ್ಬದ ಬಾಯಿ ತೆರೆಯದೆ ಹಾಗೆಯೇ ಇಡು. ಬೀಡಿಯ ಕಟ್ಟು ಇಡುವಾಗ ನಾವು ಹೊತ್ತಿಸಿ ಇಡ್ತೇವಾ? ಇಲ್ಲ. ಮುಚ್ಚಿದ್ದು ಮುಚ್ಚಿದ ಹಾಗೇ ಇರ್ಲಿ. ಯಾರದ್ದೂ ಅಡುಗೆ ಬಿದ್ದ ಹಾಗೂ ಆಗ್ಲಿಲ್ಲ, ಅವನಿಗೆ ಇಟ್ಟ ಹಾಗೂ ಆಯ್ತು."

ಎಲ್ಲರಿಗೂ ಇದು ನ್ಯಾಯವೆನಿಸಿತು. ಮುದ್ದಕ್ಕನ ಮುಖವೂ ಅರಳಿತು.

ಸಂಜೆ ಚಾವಡಿ ಸಾರಿಸಿ ಮಣೆ ಹಾಕುವಾಗ ಮುದ್ದಕ್ಕ ಮಗನನ್ನು ಕರೆದರು. "ಮುಖೇಶ, ಆ ಕಂಪ್ಯೂಟರನ್ನು ಒಮ್ಮೆ ಆನ್ ಮಾಡು. ಅವರ ಬೈಲು ಕಾಣ್ತಾ ಇರ್ಲಿ."

ಮುಖೇಶ ಹಂಪನಕಟ್ಟೆಯ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವ, ತಾಯಿಯ ಮಾತಿಗೆ ಎದುರಾಡುವವನಲ್ಲ. ಅಂದು ಮಾತ್ರ ಕತ್ತು ತುರಿಸಿಕೊಂಡು, "ಅದು ಬೇಡ ಅಮ್ಮ, ಕರೆಂಟು ಹೋದ್ರೆ ಕಷ್ಟ," ಎಂದ. ಮುದ್ದಕ್ಕ ತಾವೇ ಹೋಗಿ ಗುಂಡಿ ಒತ್ತಿದರು. ಪರದೆ ಬೆಳಗಿತು. ಹಸಿರು ದಿಬ್ಬ ಇರಲಿಲ್ಲ, ಆಕಾಶ ಇರಲಿಲ್ಲ. ಕಂದು ಬಣ್ಣದ ಯಾವುದೋ ಚಿತ್ರ, ಎಡಗಡೆಯಲ್ಲಿ ಗುರುತುಗಳ ಒಂದು ಸಾಲು.

"ಇದು ಎಂತ? ಇದು ಯಾರದ್ದು?"

ಅದೇ ಹೊತ್ತಿಗೆ ವಾಲ್ಟರ್ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಂಡತಿ ಉರ್ಸುಲಾ ಕೊಟ್ಟ ಮಲ್ಲಿಗೆ ಮಾಲೆಯ ಒಂದು ಅಟ್ಟೆ ಹಿಡಿದು ಬಾಗಿಲಿಗೆ ಬಂದರು. ಗೆಳೆಯನಿಗೆ ಬಡಿಸುವ ದಿನವೆಂದು ಮುದ್ದಕ್ಕನೇ ಕರೆದಿದ್ದರು. ಅವರು ಪರದೆ ನೋಡಿದರು, ಮುದ್ದಕ್ಕನ ಮುಖ ನೋಡಿದರು.

"ನಾನು ಮಾಡಿದ್ದು ಮುದ್ದಕ್ಕ. ಮಾರ್ಚಲ್ಲಿ. ನಿಮ್ಮ ಮೊಮ್ಮಗಳ ಶಾಲೆಯ ಕೆಲಸಕ್ಕೆ ಹಳೇದು ಆಗ್ತಾ ಇರ್ಲಿಲ್ಲ. ಮುಖೇಶ ಕೇಳಿದ, ನಾನು ಲಿನಕ್ಸ್ ಹಾಕಿ ಕೊಟ್ಟೆ. ಫೋಟೊಗಳೆಲ್ಲ ಉಂಟು, ಒಂದೂ ಹೋಗ್ಲಿಲ್ಲ."

ಮುದ್ದಕ್ಕ ಕೋಪದಿಂದ ಹೇಳಲಿಲ್ಲ, ಮೆಲ್ಲಗೇ ಹೇಳಿದರು: "ಅವರಿದ್ದಾಗ ಹನ್ನೆರಡು ವರ್ಷ ವಾದ ಮಾಡಿ ಗೆಲ್ಲಿಕ್ಕೆ ಆಗದ್ದನ್ನು ಅವರು ಹೋದ ಮೇಲೆ ಗೆದ್ರಿ ವಾಲ್ಟರಣ್ಣ."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಹಾಕಿ ಕೊಡುವಾಗ ಮನಸ್ಸಿನ ಒಂದು ಮೂಲೆಯಲ್ಲಿ, ನೋಡು ಚನಿಯ, ಕೊನೆಗೆ ಯಾವುದು ಬಂತು ಅಂತ, ಎಂದುಕೊಂಡದ್ದು ಅವರಿಗೂ ನೆನಪಿತ್ತು.

"ಹಳೇದನ್ನು ವಾಪಸ್ ಹಾಕ್ಲಿಕ್ಕೆ ಇವತ್ತು ಆಗ್ಲಿಕ್ಕಿಲ್ಲ. ಆ ಬೈಲಿನ ಚಿತ್ರ ಬೇಕಾದ್ರೆ ಈಗ್ಲೇ ಹಾಕಿ ಕೊಡ್ತೇನೆ. ಎರಡು ನಿಮಿಷ."

"ಬೇಡ. ಬೋರ್ಡು ಹಳೇದು, ಒಳಗೆ ಅಂಗಡಿ ಬೇರೆ. ಅವರಿಗೆ ಹಾಗೆ ಮೋಸ ಮಾಡ್ಬಾರ್ದು," ಎಂದು ಮುದ್ದಕ್ಕ ಕಂಪ್ಯೂಟರನ್ನು ಆರಿಸಿ, ಅದರ ಮೇಲೆ ಮೈಯೊರೆಸುವ ಒಗೆದ ಬೈರಾಸೊಂದನ್ನು ಹೊದಿಸಿದರು.

ದೀಪ ಹಚ್ಚುವ ಹೊತ್ತಾಯಿತು. ಸೇಸಕ್ಕ ಹೇಳಿಕೊಟ್ಟ ಹಾಗೆ ಮುಖೇಶ ಒಂದೊಂದನ್ನೇ ಬಡಿಸಿದ. ಅಜ್ಜ ಅಜ್ಜಿಯರ ಎಲೆಗಳು, ಕೊನೆಯಲ್ಲಿ ಚನಿಯಣ್ಣನದ್ದು. ಆ ಎಲೆಯ ಬಲಗಡೆ, ರೊಟ್ಟಿಯ ಪಕ್ಕದಲ್ಲಿ ಡಬ್ಬ. ದೀಪದ ಬೆಳಕಿಗೆ ಅದರ ತಗಡು ಕಂಚಿನ ಪಾತ್ರೆಯ ಹಾಗೆ ಮಿನುಗಿತು. ಎಲ್ಲರೂ ಕೈಮುಗಿದರು. ಮೇಷ್ಟ್ರು ತಮ್ಮ ರೀತಿಯಲ್ಲಿ ಹಣೆ ಎದೆ ಭುಜ ಮುಟ್ಟಿಕೊಂಡು ತಲೆ ತಗ್ಗಿಸಿದರು. ಸೇಸಕ್ಕ ತುಳುವಿನಲ್ಲಿ, ತಿಳಿಯದೆ ಆದ ತಪ್ಪು ಮನ್ನಿಸಿ, ಇದ್ದುದರಲ್ಲಿ ತೃಪ್ತಿಪಡಿ, ಮಕ್ಕಳನ್ನು ಕಾಯಿರಿ ಎಂದು ಬೇಡಿಕೊಂಡರು. ಬಾಗಿಲೆಳೆದು ಎಲ್ಲರೂ ಜಗಲಿಗೆ ಬಂದರು.

ಮೋಡ ಮುಚ್ಚಿದ್ದರೂ ಮಳೆ ಇರಲಿಲ್ಲ. ಹಾಸ್ಟೆಲ್ಲಿನ ಕಿಟಕಿಗಳಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ಆಗ ಮೇಷ್ಟ್ರು ಮುಖೇಶನ ಕಿವಿಯ ಬಳಿ ಬಾಗಿ ಪಿಸುಗುಟ್ಟಿದರು.

"ಡಬ್ಬ ತೆರೀಲಿಕ್ಕೆ ಎಂತಾದ್ರೂ ಇಟ್ಟಿದ್ದೀಯಾ?"

ಮುಖೇಶ ಮುಚ್ಚಿದ ಬಾಗಿಲ ಕಡೆ ತಿರುಗಿದ. "ಇಲ್ಲ ಅಂಕಲ್."

ಪಿಸುಮಾತು ಎಲ್ಲರಿಗೂ ಕೇಳಿಸಿತ್ತು. ಸೇಸಕ್ಕ ಹಣೆಗೆ ಕೈ ಹಚ್ಚಿಕೊಂಡರು. "ಅಯ್ಯೋ ನನ್ನ ಕರ್ಮವೇ! ಬೀಡಿ ಇಟ್ರೆ ಬೆಂಕಿಪೆಟ್ಟಿಗೆ ಇಡ್ತೇವೆ. ಅಷ್ಟು ಹೇಳಿದ ನನಗೆ ಇದು ಹೊಳೀಲಿಲ್ಲ."

"ನಾನು ಹೋಗಿ ಮೆಲ್ಲ ತೆರೆದಿಟ್ಟು ಬರ್ಲಾ ಮಾಮಿ?" ಎಂದ ಮುಖೇಶ.

"ಹೋಗ್ಲಿಕ್ಕಿಲ್ಲ! ಉಣ್ಣುವವರನ್ನು ನಡುವಲ್ಲಿ ಎಬ್ಬಿಸಿದ ಹಾಗೆ. ಬಾಗಿಲು ಹಾಕಿದ ಮೇಲೆ ಮುಗೀತು."

ಮುದ್ದಕ್ಕ ಜಗಲಿಯ ಮೆಟ್ಟಿಲ ಮೇಲೆ ಕೂತರು. ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಯಾರಿಗೆ ಎಂದಿಲ್ಲದೆ ಹೇಳಿದರು: "ಗದ್ದೆ ಮೊದಲೇ ಇಲ್ಲ. ಕಂಪ್ಯೂಟರ್ ಬೇರೆಯವರದ್ದಾಯ್ತು. ಡಬ್ಬ ಇಟ್ಟೂ ಇಡದ ಹಾಗಾಯ್ತು. ಈಗ ಅವರು ಒಳಗೆ ಕೂತು ಇದು ಯಾರ ಮನೆ ಅಂತ ನೋಡ್ತಾ ಇರ್ಬಹುದು."

ಮೇಷ್ಟ್ರು ಜಗಲಿಯ ಮೂಲೆಯಲ್ಲಿದ್ದ ಕುರ್ಚಿಯನ್ನು ಎಳೆದು, ಮುಚ್ಚಿದ ಬಾಗಿಲ ಕಡೆ ಮುಖ ಮಾಡಿ ಕೂತು, ತರಗತಿಯ ಕೊನೆಯ ಬೆಂಚಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಏ ಚನಿಯ! ಡಬ್ಬ ತೆರೀಲಿಕ್ಕಾಗ್ಲಿಲ್ಲ ಅಂತ ಬೇಜಾರ್ ಮಾಡ್ಬೇಡ. ಒಳ್ಳೇದೇ ಆಯ್ತು. ಪಕ್ಕದಲ್ಲಿ ಊರಿನ ಕೋಳಿ ಇರುವಾಗ ಯಾರಾದ್ರೂ ಸಕ್ಕರೆಯ ಕಾಳು ತಿಂತಾರಾ?"

"ಮೇಷ್ಟ್ರೇ!" ಸೇಸಕ್ಕ ಬೆಚ್ಚಿದರು. "ಎಲೆ ಹಾಕಿದ ಹೊತ್ತು ಇದೆಂತ ಮಾತು?"

ಮುದ್ದಕ್ಕ ತಲೆಯೆತ್ತಿದರು. ಮೇಷ್ಟ್ರು ಬಾಗಿಲನ್ನೇ ನೋಡುತ್ತಿದ್ದರು, ಉತ್ತರಕ್ಕೆ ಕಾಯುವವರ ಹಾಗೆ. ಯಾವತ್ತೂ ಇಷ್ಟು ಹೊತ್ತಿಗೆ ಉತ್ತರ ಬಂದುಬಿಡುತ್ತಿತ್ತು. ಆ ಜಾಗ ಖಾಲಿಯಾಗಿ ಉಳಿದದ್ದು ಮುದ್ದಕ್ಕನಿಗೆ ಸಹಿಸಲಾಗಲಿಲ್ಲ.

"ತಿನ್ನದೆ ಹೇಳ್ಬೇಡಿ ಪೊರ್ಬುಗಳೇ," ಎಂದರು.

ಹನ್ನೆರಡು ವರ್ಷದಲ್ಲಿ ಅವರನ್ನು ವಾಲ್ಟರಣ್ಣ ಎಂದಲ್ಲದೆ ಮುದ್ದಕ್ಕ ಬೇರೆ ಕರೆದವರಲ್ಲ. ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತು ಮುಂದುವರಿಸಿದರು.

"ತಿನ್ನುವುದೆಂತಕ್ಕೆ? ವಾಸನೆಯಲ್ಲೇ ಗೊತ್ತಾಗ್ತದೆ."

"ಒಂದು ಕೋಣೆಯಲ್ಲಿ ಎಂಟು ಜನ ಇದ್ದು ನೋಡಿ, ಆಗ ಗೊತ್ತಾಗ್ತದೆ. ಶುಕ್ರವಾರ ಬೆಳಿಗ್ಗೆ ಸಾರಿಗೆ ಉಪ್ಪು ಕಮ್ಮಿಯಾಯ್ತು ಅಂತ ಹೇಳ್ಲಿಕ್ಕೆ ಹೆಂಡತಿ ಇಲ್ಲ. ಒಂದು ಡಬ್ಬ, ಒಬ್ಬನ ಹೊಟ್ಟೆ. ತೆರೆದ್ರೆ ಆಯ್ತು. ಅದು ನಿಮ್ಮ ಉರ್ಸುಲಾ ಬಾಯಮ್ಮನ ಕೈಯಡುಗೆ ಉಂಡವರಿಗೆ ಅರ್ಥ ಆಗ್ಲಿಕ್ಕಿಲ್ಲ."

ಮುದ್ದಕ್ಕನ ಬಾಯಿಂದ ಬಂದದ್ದೆಲ್ಲ ಚನಿಯಣ್ಣನ ಮಾತು. ಯಾವ ಮಾತಿನ ಮೇಲೆ ಎಷ್ಟು ಒತ್ತು, ಎಲ್ಲಿ ನಗು, ಎಲ್ಲಿ ತೊಡೆ ತಟ್ಟುವುದು, ಎಲ್ಲವೂ ಸರಿಯಾಗಿ ಬಂತು. ಪ್ರಾಪ್ತಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅವಳ ಕಣ್ಣೂ ಒದ್ದೆಯಾಗಿತ್ತು.

"ಸರಿ, ಬೀನ್ಸ್ ಬಿಡು," ಎಂದರು ಮೇಷ್ಟ್ರು. "ಕಂಪ್ಯೂಟರ್ ವಿಷಯ ಹೇಳು. ಈಗ ಒಮ್ಮೆ ಒತ್ತಿದ್ರೆ ಅರ್ಧ ನಿಮಿಷದಲ್ಲಿ ತೆರೀತದೆ. ನಿನ್ನದ್ದು ತೆರೀಲಿಕ್ಕೆ ಒಂದು ಗ್ಲಾಸ್ ಚಾ ಕುಡಿಯುವಷ್ಟು ಹೊತ್ತು ಬೇಕಿತ್ತು."

"ನನಗೆ ಎಂತ ಅರ್ಜೆಂಟ್ ಉಂಟು? ಇಪ್ಪತ್ತಮೂರು ವರ್ಷ ಲಾರಿ ಓಡಿಸಿ ಬಂದವನಿಗೆ ನಿಧಾನವೇ ಸುಖ. ಚಾ ಕುಡ್ದೇ ಬೈಲು ನೋಡುವುದು."

ಅಷ್ಟರಲ್ಲಿ ಸೇಸಕ್ಕನಿಗೆ ತಡೆಯಲಾಗಲಿಲ್ಲ. ಕಂಪ್ಯೂಟರ್ ಎಂದರೇನೆಂದು ಅವರಿಗೆ ಸರಿಯಾಗಿ ಗೊತ್ತಿಲ್ಲದಿದ್ದರೂ ತಮ್ಮನ ಪಕ್ಷ ಯಾವುದೆಂದು ಗೊತ್ತಿತ್ತು. "ಅಲ್ಲ ಮೇಷ್ಟ್ರೇ, ನನ್ನ ತಮ್ಮನ ವಸ್ತು ಮುಟ್ಟಲಿಕ್ಕೆ ನಿಮಗೆ ಅಧಿಕಾರ ಕೊಟ್ಟದ್ದು ಯಾರು? ಹಳೇದು ನಡೀತಾ ಇತ್ತಲ್ಲ? ನಡೆಯುವ ದನವನ್ನು ಯಾರಾದ್ರೂ ಹಟ್ಟಿಯಿಂದ ಓಡಿಸ್ತಾರಾ?"

ಮೇಷ್ಟ್ರು ಎರಡೂ ಕೈ ಎತ್ತಿದರು. ಸ್ವರ ತಗ್ಗಿಸಿ, ಬಾಗಿಲಿಗೇ ಹೇಳಿದರು: "ಅದು ಒಪ್ಪಿದೆ ಚನಿಯ. ನಿನ್ನನ್ನು ಕೇಳದೆ ಮುಟ್ಟಬಾರ್ದಿತ್ತು. ನೀನು ಎದುರು ಇಲ್ಲದೆ ಗೆದ್ದದ್ದರಲ್ಲಿ ರುಚಿಯೂ ಇಲ್ಲ ಮಾರಾಯ." ಸ್ವಲ್ಪ ತಡೆದು ಸೇರಿಸಿದರು: "ಆದ್ರೆ ಲಿನಕ್ಸ್ ಒಳ್ಳೇದೇ."

ಜಗಲಿಯಲ್ಲಿ ನಗು ಎದ್ದಿತು. ಸೇಸಕ್ಕ ಕೂಡ ನಕ್ಕರು. ವಾದ ಮತ್ತೆ ಬೀನ್ಸಿಗೆ ಹೋಯಿತು, ಪ್ರಿಂಟರಿಗೆ ಬಂತು. ಹಿರಿಯರು ಉಣ್ಣುವ ಹೊತ್ತು ಯಾವಾಗಲೋ ಮೀರಿದ್ದರೂ ಯಾರಿಗೂ ಬಾಗಿಲು ತಟ್ಟುವ ಅವಸರವಿರಲಿಲ್ಲ. ಕೊನೆಗೆ ಪ್ರಾಪ್ತಿಯೇ, "ರೊಟ್ಟಿ ಮೆತ್ತಗಾಗ್ತದೆ ಮಾಮಿ," ಎಂದು ನೆನಪಿಸಬೇಕಾಯಿತು.

ಸೇಸಕ್ಕ ಮೂರು ಸಲ ಬಾಗಿಲು ತಟ್ಟಿದರು. ಒಳಗೆ ದೀಪ ಉರಿಯುತ್ತಿತ್ತು. ಎಲೆಗಳು ಬಡಿಸಿದ ಹಾಗೇ ಇದ್ದವು, ಡಬ್ಬವೂ ಇಟ್ಟಲ್ಲೇ ಇತ್ತು. ನೋಡುವ ಕಣ್ಣಿಗೆ ಏನೂ ಆಗಿರಲಿಲ್ಲ. ಆದರೂ ಬಹಳ ಹೊತ್ತು ಕೂತು ಹರಟಿದವರು ಎದ್ದುಹೋದ ಮೇಲೆ ಕೋಣೆಯಲ್ಲಿ ಉಳಿಯುವ ಒಂದು ಬೆಚ್ಚಗಿನ ನಿಶ್ಶಬ್ದ ಉಂಟಲ್ಲ, ಮುದ್ದಕ್ಕನಿಗೆ ಅದು ಅನುಭವಕ್ಕೆ ಬಂತು. ಅವರು ಎಲೆಯೆದುರು ಬಗ್ಗಿ ನೆಲ ಮುಟ್ಟಿ ನಮಸ್ಕರಿಸಿ, "ಬಂದಿದ್ರು," ಎಂದರು.

ಚನಿಯಣ್ಣನ ಓಪನರ್ ಹುಡುಕಿದರೂ ಸಿಗದೆ, ಮುಖೇಶ ತರಕಾರಿ ಹೆಚ್ಚುವ ಮೆಟ್ಟುಕತ್ತಿಯ ತುದಿಯಿಂದ ಡಬ್ಬವನ್ನು ಹೇಗೋ ತೆರೆದ. ಮುದ್ದಕ್ಕ ಅದನ್ನು ಒಲೆಯ ಮೇಲೆ ಬಿಸಿ ಮಾಡಿ ಎಲ್ಲರ ಎಲೆಗೂ ಒಂದೊಂದು ಚಮಚ ಹಾಕಿದರು. ಹಿರಿಯರಿಗೆ ಇಟ್ಟದ್ದನ್ನು ಬೇಡವೆನ್ನುವ ಹಾಗಿಲ್ಲ. ಮೇಷ್ಟ್ರು ನಾಲ್ಕೇ ನಾಲ್ಕು ಕಾಳನ್ನು ಬೆರಳಲ್ಲಿ ತೆಗೆದು ಬಾಯಿಗಿಟ್ಟು, ಬಹಳ ಹೊತ್ತು ಜಗಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು.

"ನಾನು ಹೇಳಿದ್ದಕ್ಕಿಂತ ಸ್ವಲ್ಪ ಒಳ್ಳೇದುಂಟು," ಎಂದರು. "ಸ್ವಲ್ಪ."

ಸೇಸಕ್ಕ ಮಾತ್ರ ತಿಂದು, ಎಲೆಯನ್ನೇ ನೋಡುತ್ತ ಕೂತರು. "ಉಪ್ಪಿಲ್ಲ, ಖಾರ ಇಲ್ಲ. ಇದನ್ನು ತಿಂದುಕೊಂಡಾ ನನ್ನ ತಮ್ಮ ನಮಗೆಲ್ಲ ಸೀರೆ ಕಳಿಸ್ತಾ ಇದ್ದದ್ದು?" ಎಂದು, ಇನ್ನೊಂದು ಚಮಚ ಹಾಕಿಸಿಕೊಂಡರು.

ಮರುದಿನ ಸಂಜೆ ಐದೂವರೆಗೆ ಮೇಷ್ಟ್ರು ಬೇಲಿ ದಾಟಿ ಬಂದು ಜಗಲಿಯಲ್ಲಿ ಕೂತರು. ಚನಿಯಣ್ಣ ಹೋದ ಮೇಲೆ ಆ ಹೊತ್ತಿನಲ್ಲಿ ಅವರು ಬಂದದ್ದು ಇದೇ ಮೊದಲು. ಮುದ್ದಕ್ಕ ಎರಡು ಲೋಟ ಚಾ ತಂದರು. ಒಂದನ್ನು ಅವರಿಗೆ ಕೊಟ್ಟು, ಇನ್ನೊಂದನ್ನು ಹಿಡಿದು ಎದುರಿನ ಕುರ್ಚಿಯಲ್ಲಿ ತಾವೇ ಕೂತರು.

"ನಿನ್ನೆ ನೀವು ಹೇಳಿದ್ದೆಲ್ಲ ಚನಿಯನ ಮಾತು," ಎಂದರು ಮೇಷ್ಟ್ರು. "ನಿಮ್ಮ ಸ್ವಂತ ಅಭಿಪ್ರಾಯ ಎಂತ ಮುದ್ದಕ್ಕ? ಇಷ್ಟು ವರ್ಷ ಒಮ್ಮೆಯೂ ಹೇಳ್ಲಿಲ್ಲ ನೀವು."

"ನೀವಿಬ್ಬರೂ ಒಮ್ಮೆಯೂ ಕೇಳ್ಲಿಲ್ಲ."

"ಈಗ ಕೇಳ್ತಾ ಇದ್ದೇನೆ."

ಮುದ್ದಕ್ಕ ಚಾ ಒಂದು ಗುಟುಕು ಕುಡಿದು, ನಿಧಾನವಾಗಿ ಹೇಳಿದರು. "ಕಂಪ್ಯೂಟರಿನಲ್ಲಿ ನಿಮ್ಮ ಲಿನಕ್ಸೂ ಬೇಡ, ಅವರ ವಿಂಡೋಸೂ ಬೇಡ. ನನಗೆ ಫೋನಿನಲ್ಲಿ ಎಲ್ಲ ಉಂಟು, ಮಲಗಿಕೊಂಡೇ ನೋಡ್ಬಹುದು. ಬೀನ್ಸ್ ಅಡ್ಡಿ ಇಲ್ಲ. ಆದ್ರೆ ಆ ಸಾಸನ್ನೆಲ್ಲ ತೊಳೆದು ಬಿಸಾಡಿ, ಸಾಸಿವೆ ಕರಿಬೇವಿನ ಸೊಪ್ಪಿನ ಒಗ್ಗರಣೆ ಕೊಟ್ಟು, ಮೇಲಿಂದ ತೆಂಗಿನಕಾಯಿ ತುರಿ ಹಾಕ್ಬೇಕು."

"ತೊಳೆಯುವುದಾ!" ಮೇಷ್ಟ್ರು ಲೋಟ ಕೆಳಗಿಟ್ಟರು. "ಸಾಸು ತೊಳೆದ್ರೆ ಮತ್ತೆಂತ ಉಳೀತದೆ ಅದರಲ್ಲಿ? ಚನಿಯ ಇದನ್ನು ಕೇಳಿದ್ರೆ..."

"ಕೇಳ್ಲಿ," ಎಂದರು ಮುದ್ದಕ್ಕ.